ಬೆನ್ನಾಳು

ನನ್ನ ಅವ್ವ ನನ್ನ ಗಂಡನ ಬೆನ್ನು ಹತ್ತಿದಳು ಎಂಬ ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಸುದ್ದಿ ತಂದವಳು ಪಕ್ಕದ ಮನೆಯ ದುರುಗಮ್ಮ. ಅವಳು ತರುವ ಸುದ್ದಿಯಲ್ಲಿ ಅರ್ಧ ಅವಳದೇ ಒಗ್ಗರಣೆ ಇರುತ್ತದೆ. ಹಾಗಾಗಿ ನಾನು ತಲೆಯೆತ್ತದೆ, ಯಾರವ್ವ, ಯಾರ ಗಂಡ ಎಂದು ಕೇಳಿದೆ. ನಿಮ್ಮವ್ವ, ನಿನ್ನ ಗಂಡ ಎಂದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಅದನ್ನು ತಿರುವಿ ಹಾಕಬೇಕೆಂದು ನನಗೆ ತೋಚಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿಯ ಸದ್ದಾಯಿತು. ನನ್ನ ಗಂಡ ಹಾಲಪ್ಪ ಒಳಗೆ ಬಂದರು. ಒಂದು ಎತ್ತಿನ ಉದ್ದದಷ್ಟು ಹಿಂದೆ, ಬರಿಗಾಲಲ್ಲಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನ್ನ ಅವ್ವ ಕೊಟ್ರವ್ವ ಬಂದಳು. ಮಗಳನ್ನು ಕೊಟ್ಟ ಮನೆಯಲ್ಲಿ ಒಂದು ಹೊತ್ತಿಗಿಂತ ಹೆಚ್ಚು ನಿಲ್ಲಬಾರದು ಎಂದು ಹಟ ಹಿಡಿದಿದ್ದ ಹೆಂಗಸು ಅವಳು. ಈಗ ನನ್ನ ಮುಖವನ್ನೂ ನೋಡದೆ ನಡುಮನೆಯ ಬೆನ್ನುಗಟ್ಟೆಯ ಮೇಲೆ ಕುಳಿತಳು.

ನಮ್ಮೂರಿನ ಎಲ್ಲ ಮನೆಗಳಲ್ಲೂ ಬಾಗಿಲ ಪಕ್ಕದಲ್ಲಿ ಅಂಥದೊಂದು ಕಟ್ಟೆ ಇದೆ. ಮನೆ ಕಟ್ಟಿಸುವಾಗ ದೇವರ ಗೂಡಿಗೆ ಜಾಗ ಬಿಟ್ಟಂತೆ ಅದಕ್ಕೂ ಬಿಡುತ್ತಾರೆ. ಹೆಚ್ಚಿನವರು ಅದರ ಮೇಲೆ ಕುಂಬಳಕಾಯಿ, ಹಳೇ ಕೌದಿ ಪೇರಿಸಿಟ್ಟಿರುತ್ತಾರೆ. ಅಲ್ಲಿ ಕೂರುವವರು ಎಂದೂ ಬಾರದಿರಲಿ ಎಂಬುದೇ ಎಲ್ಲರ ಹಾರೈಕೆ. ಹಾಗಂತ ನಮ್ಮವರ ಬಾಯಿಗೇನೂ ಬೀಗವಿಲ್ಲ. ಹೋಟೆಲಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ನಲ್ಲಿಯ ಹತ್ತಿರ, ಅವನು ಕಳ್ಳ, ಇವಳು ಮನೆಮುರುಕಿ, ಮತ್ತೊಬ್ಬ ಅಣ್ಣನ ಪಾಲು ನುಂಗಿ ನೀರು ಕುಡಿದವನು ಎಂದು ಚಹಾ ಆರುವುದರೊಳಗೆ ಅರ್ಧ ಊರನ್ನು ಜೈಲಿಗೆ ಕಳಿಸಿ, ಬಾಯಿ ಒರೆಸಿಕೊಂಡು ಎದ್ದು ಹೋಗುತ್ತಾರೆ. ಅದು ಬಾಯಿಮಾತು, ಅದಕ್ಕೆ ಕಾಲಿಲ್ಲ. ಅದೇ ಮಾತನ್ನು ಚಾವಡಿಯ ಕಂಬಕ್ಕೆ ಅಂಗೈ ಹಚ್ಚಿ ಹೇಳಿದರೆ ಮಾತ್ರ ಮುಗಿಯಿತು. ಮೆಟ್ಟಿಲು ಇಳಿಯುವಾಗ ನಿಮ್ಮ ಕಾಲು ನಿಮ್ಮ ಮನೆಯ ಕಡೆ ತಿರುಗುವುದಿಲ್ಲ. ಯಾರ ಹೆಸರು ಹೇಳಿದಿರೋ ಅವರ ಹಿಂದೆ ಹೋಗುತ್ತದೆ. ಅವರು ನಿಂತಲ್ಲಿ ನಿಲ್ಲುತ್ತದೆ, ಅವರು ಮಲಗಿದರೆ ನಿಮ್ಮನ್ನೂ ಮಲಗಲು ಬಿಡುತ್ತದೆ. ಅಲ್ಲಿಂದ ನೀವು ಅವರ ಬೆನ್ನಾಳು. ಒಂದೋ ತಪ್ಪು ರುಜುವಾತಾಗಿ ಚಾವಡಿ ತೀರ್ಪು ಹೇಳಬೇಕು, ಇಲ್ಲವೇ ನೀವೇ ಮತ್ತೆ ಕಂಬ ಮುಟ್ಟಿ "ಬಿಟ್ಟೆ" ಎನ್ನಬೇಕು. ಬಿಟ್ಟೆ ಎಂದಮೇಲೆ ಆ ಮಾತು ಸತ್ತಂತೆ. ಅದನ್ನು ಮತ್ತೆ ಯಾರೂ, ಎಂದೂ ಎತ್ತುವಂತಿಲ್ಲ. ಹೀಗಾಗಿ ಊರ ತುಂಬ ದೂರುಗಳಿದ್ದರೂ ಕಂಬದ ಬುಡದಲ್ಲಿ ಹುಲ್ಲು ಬೆಳೆದಿತ್ತು.

ಆ ಹುಲ್ಲು ತುಳಿದು ನಿಂತು ಅವ್ವ ಹೇಳಿದ್ದು, ತನ್ನ ಮಗ ಬಕ್ಕೇಶಿಯ ಸಾವಿಗೆ ಅಳಿಯ ಹಾಲಪ್ಪನೇ ಕಾರಣ ಎಂದು.

ಬಕ್ಕೇಶಿ ನನ್ನ ಒಬ್ಬನೇ ತಮ್ಮ. ನನ್ನ ಗಂಡನ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ. ಭಟ್ಟಿಯ ಒಲೆಗೆ ಭತ್ತದ ಹೊಟ್ಟು ಹಾಕಿ ಉರಿಸುತ್ತಾರೆ, ಉರಿದ ಬೂದಿಯನ್ನು ಹಿತ್ತಲಿನ ಗುಂಡಿಗೆ ಸುರಿಯುತ್ತಾರೆ. ಆ ಬೂದಿ ಮೇಲೆ ತಣ್ಣಗೆ, ಹಾಸಿಟ್ಟ ಹಾಸಿಗೆಯ ಹಾಗೆ ಕಾಣುತ್ತದೆ. ಒಳಗೆ ಮಾತ್ರ ಎಷ್ಟೋ ದಿನ ಕೆಂಡ ಹಾಗೇ ಇರುತ್ತದೆ. ಅದಕ್ಕೇ ಬಿಸಿ ಗುಂಡಿಯ ಮೇಲೆ ಬಟ್ಟೆ ಕಟ್ಟಿದ ಕೋಲು ನೆಡುವುದು ಎಲ್ಲ ಭಟ್ಟಿಗಳ ಪದ್ಧತಿ. ಅದನ್ನು ಭಟ್ಟಿಯ ಯಜಮಾನನೇ ನೆಡಬೇಕು, ಆಳಿಗೆ ಬಿಡುವಂತಿಲ್ಲ. ಆ ಅಮಾವಾಸ್ಯೆಯ ದಿನ ಆಳುಗಳಿಗೆ ರಜೆ ಇತ್ತು. ಭಟ್ಟಿಯಲ್ಲಿ ಇದ್ದವರು ನನ್ನ ಗಂಡ, ಬಕ್ಕೇಶಿ ಇಬ್ಬರೇ. ಬೆಳಿಗ್ಗೆ ಬಕ್ಕೇಶಿ ನಮ್ಮ ಮನೆಗೆ ಬಂದಾಗ ನಾನು ರೊಟ್ಟಿ, ಗುರೆಳ್ಳು ಪುಡಿ ಬಟ್ಟೆಯಲ್ಲಿ ಕಟ್ಟಿ ಕೈಗೆ ಕೊಟ್ಟೆ. ಮಾವಗೆ ತೆಳ್ಳನ ರೊಟ್ಟಿ, ನನಗೆ ಮಾತ್ರ ದಪ್ಪನೆಯವಾ ಅಕ್ಕ ಎಂದು ರೇಗಿಸುತ್ತ, ಗಂಟನ್ನು ಗರಗರ ತಿರುಗಿಸುತ್ತ ಹೋದ. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಡ ಬೀದಿಗೆ ಓಡಿಬಂದು ಜನರನ್ನು ಕೂಗಿದರು. ಜನ ಹೋಗಿ ಎಳೆದಾಗ ನನ್ನ ತಮ್ಮನಲ್ಲಿ ಜೀವ ಇರಲಿಲ್ಲ. ಗುಂಡಿಯ ಮೇಲೆ ಕೋಲು ನೆಟ್ಟಗೆ ನಿಂತಿತ್ತು, ತುದಿಯಲ್ಲಿ ಬಟ್ಟೆ ಹಾರುತ್ತಿತ್ತು. ಎಲ್ಲರೂ ಅದನ್ನು ಕಣ್ಣಾರೆ ಕಂಡರು. ಕೋಲು ಕಂಡೂ ಕಾಲಿಟ್ಟನೆಂದರೆ ಕುಡಿದಿರಬೇಕು ಎಂದು ಹೋಟೆಲಿನಲ್ಲಿ ತೀರ್ಮಾನವಾಯಿತು.

ಅವನು ಕುಡಿಯುವವನಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಸದಾ ಏನಾದರೂ ಹಾಡಿಕೊಂಡು, ಆಕಾಶ ನೋಡಿಕೊಂಡು ನಡೆಯುವವನು. ಮೈಮರೆತು ಕಾಲಿಟ್ಟಿರಬೇಕು ಎಂದು ನಾನು ನಂಬಿದೆ. ನಂಬದೆ ಇದ್ದರೆ ನಾನು ಆ ಮನೆಯಲ್ಲಿ ಒಲೆ ಹಚ್ಚುವುದು ಹೇಗೆ. ಅವನ ಮುಖವನ್ನು ನನಗೆ ತೋರಿಸಲಿಲ್ಲ. ಭಟ್ಟಿಯ ಹಿತ್ತಿಲಿಗೆ ನಾನೂ ಮತ್ತೆ ಹೋಗಲಿಲ್ಲ. ಅವ್ವ ಮಾತ್ರ, ನಡೆಯಲು ಕಲಿಯುವ ಮೊದಲೇ ಕೋಲು ನೋಡಲು ಕಲಿತ ಮಗ ಕೋಲಿದ್ದ ಗುಂಡಿಗೆ ಇಳಿಯಲಿಕ್ಕಿಲ್ಲ ಎಂದು ಹೇಳುತ್ತಲೇ ಇದ್ದಳು. ಎಳೆಮಗು ಹಟ ಮಾಡಿದಂತೆ ಹಟ ಮಾಡುತ್ತಾಳೆ, ನಾಲ್ಕು ದಿನ ಅತ್ತು ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ. ಕಂಬಕ್ಕೆ ಕೈ ಹಚ್ಚುತ್ತಾಳೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮೊದಮೊದಲು ನಾನು ಅವಳ ಹತ್ತಿರ ಮಾತಾಡಲಿಲ್ಲ. ತಟ್ಟೆ ತಂದು ಕಟ್ಟೆಯ ಮೇಲೆ ಕುಕ್ಕುತ್ತಿದ್ದೆ. ಅವಳು ಸುಮ್ಮನೆ ಉಣ್ಣುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು. ಬೆಳಿಗ್ಗೆ ನನ್ನ ಗಂಡ ಎದ್ದರೆ ಅವಳೂ ಎದ್ದಳು, ಅವರು ಭಟ್ಟಿಗೆ ಹೊರಟರೆ ಅವಳೂ ಹೊರಟಳು. ಊರು ಬೇಗ ಹೊಂದಿಕೊಂಡಿತು. ಹೋಟೆಲಿನ ಮಾಣಿ ಅವರಿಗೊಂದು ಚಹಾ ಇಟ್ಟರೆ ಹೇಳದೆಯೇ ಹಿಂದೆ ಇನ್ನೊಂದು ಇಡುತ್ತಿದ್ದ. ಕಟಿಂಗ್ ಅಂಗಡಿಯವನು ಅವ್ವನಿಗೆ ಸ್ಟೂಲು ಹಾಕಿ, ಅಳಿಯನ ಗಡ್ಡ ಸರಿಯಾಗಿ ಬಂತಾ ನೋಡಿ ಅಮ್ಮ ಎಂದು ಚೇಷ್ಟೆ ಮಾಡುತ್ತಿದ್ದ. ಇಂಥದಕ್ಕೆಲ್ಲ ನಕ್ಕು ಅಭ್ಯಾಸವಿರುವ ಊರು ನಮ್ಮದು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ದಾರಿಯಲ್ಲಿ ಅವ್ವ ಅವರ ಬೆನ್ನಿಗೆ ಕೇಳುವಂತೆ ಶಾಪ ಹಾಕುತ್ತ ನಡೆಯುತ್ತಿದ್ದಳು. ನಿನ್ನ ವಂಶ ಹಾಳಾಗಲಿ ಎಂದಾಗ, ಆ ವಂಶಕ್ಕೆ ಹೆರಬೇಕಾದವಳು ನಾನೇ ಎಂಬುದೂ ಅವಳಿಗೆ ಮರೆತುಹೋಗುತ್ತಿತ್ತು.

ಅಮಾವಾಸ್ಯೆಗೊಮ್ಮೆ ಚಾವಡಿ ಸೇರುತ್ತಿತ್ತು. ಚಾವಡಿಯ ಹಿರಿಯ ಮರುಳಪ್ಪಜ್ಜ ಕಿವಿ ಸ್ವಲ್ಪ ಮಂದವಾದರೂ ಬುದ್ಧಿ ಚುರುಕಿನ ಮನುಷ್ಯ. ಪ್ರತಿ ಸಲವೂ ಅವ್ವನಿಗೆ ಅವರು ಕೇಳುತ್ತಿದ್ದುದು ಒಂದೇ, ಕಂಡದ್ದು ಹೇಳವ್ವಾ, ಅನಿಸಿದ್ದು ಬೇಡ. ಅವ್ವನ ಹತ್ತಿರ ಕಂಡದ್ದು ಏನೂ ಇರಲಿಲ್ಲ. ನನ್ನ ಗಂಡ ಕೋಲು ನೆಟ್ಟಿದ್ದೆ, ಬಟ್ಟೆ ಕಟ್ಟಿದ್ದೆ, ಬಂದವರೆಲ್ಲ ನೋಡಿದ್ದಾರೆ ಎಂದು ಹೇಳಿ ಕೈಮುಗಿದು ಕೂರುತ್ತಿದ್ದರು. ಮುಂದಿನ ಅಮಾವಾಸ್ಯೆಗೆ ಎಂದು ಮರುಳಪ್ಪಜ್ಜ ಎದ್ದುಬಿಡುತ್ತಿದ್ದರು. ಅವ್ವ ಮತ್ತೆ ಅವರ ಹಿಂದೆ ನಮ್ಮ ಮನೆಗೇ ಬರುತ್ತಿದ್ದಳು.

ಹೀಗಿರುವಾಗ ದುರುಗಮ್ಮನ ತವರಿನ ಕಡೆಯ ವಕೀಲರೊಬ್ಬರು ನೆಂಟಸ್ತನಕ್ಕೆ ಬಂದರು. ತಿಪ್ಪೇಸ್ವಾಮಿ ಎಂದು ಹೆಸರು, ಗುಡ್ಡದಾಚೆಯ ದೊಡ್ಡ ಊರಿನ ಕೋರ್ಟಿನಲ್ಲಿ ಕೆಲಸ. ಏನಾದರೂ ದಾರಿ ಹೇಳಿಯಾರು ಎಂದು ನನ್ನ ಗಂಡ ಅವರನ್ನು ಮನೆಗೆ ಕರೆದರು. ಅವರು ಕಟ್ಟೆಯ ಮೇಲಿನ ಅವ್ವನನ್ನು ಕಂಡು, ನಡೆದದ್ದನ್ನು ಕೇಳಿ, ಮಂಡಕ್ಕಿ ತಿನ್ನುವುದನ್ನೇ ಮರೆತರು. ತಮ್ಮ ಕಡೆ ಇದಕ್ಕೆ ಪ್ರಾಸಿಕ್ಯೂಷನ್ ಎನ್ನುತ್ತಾರೆಂದೂ, ಅದನ್ನು ನಡೆಸುವುದು ಸರ್ಕಾರವೆಂದೂ, ನೊಂದವರು ದೂರು ಕೊಟ್ಟು ತಮ್ಮ ಮನೆಗೆ ಹೋಗಿ ಮಲಗಬಹುದೆಂದೂ ಹೇಳಿದರು. ಈಗ ದಂಗಾಗುವ ಸರದಿ ನಮ್ಮದು. ಕಳೆದುಕೊಂಡವರು ಒಬ್ಬರು, ಹಿಂದೆ ನಡೆಯುವವರು ಇನ್ನೊಬ್ಬರೇ ಎಂದು ಅವರ ಜೊತೆ ಬಂದಿದ್ದ ದುರುಗಮ್ಮ ಗಲ್ಲದ ಮೇಲೆ ಕೈಯಿಟ್ಟಳು. ಸರ್ಕಾರ ಯಾರ ಮನೆ ಕಟ್ಟೆಯ ಮೇಲೆ ಕೂರುತ್ತದೆ, ಅದಕ್ಕೆ ಉಣ್ಣಲು ಕೊಡುವವರು ಯಾರು ಎಂದು ಕೇಳಿದಳು. ಸರ್ಕಾರಿ ವಕೀಲರ ಚೀಲದಲ್ಲಿ ಇಂಥ ಕೇಸು ರಾಶಿ ಇರುತ್ತವೆ, ಸಂಜೆ ಅವರೂ ಮನೆಗೆ ಹೋಗುತ್ತಾರೆ ಎಂದು ತಿಪ್ಪೇಸ್ವಾಮಿ ನಕ್ಕರು.

ಆಗ ಅವ್ವ ಕಟ್ಟೆಯಿಂದಲೇ ಬಾಯಿ ಬಿಟ್ಟಳು. "ಆ ವಕೀಲ್ರಿಗೆ ನನ್ನ ಮಗ ಯಾರು ಅಂತ ಗೊತ್ತಿರ್ತೈತೇನಪ್ಪಾ?"

"ಇರಲ್ಲಮ್ಮಾ. ಇರಬಾರದು ಅಂತಾನೇ ಹಂಗೆ ಮಾಡಿರೋದು" ಎಂದರು ತಿಪ್ಪೇಸ್ವಾಮಿ. "ಸಿಟ್ಟಿದ್ದೋರ ಕೈಗೆ ಅದನ್ನ ಕೊಡಲ್ಲ. ಜನ ಏನೋ ಪ್ರಾಸಿಕ್ಯೂಷನ್ ಅಂದ್ರೆ ಒಬ್ಬನ್ನ ಗೋಳಾಡಿಸಿ ಒಳಗೆ ಹಾಕ್ಸೋದು ಅಂದ್ಕೊಂಡಿದಾರೆ. ಅಲ್ಲ. ಆಗಿದ್ದೇನು ಅಂತ ತಂದು ಕೋರ್ಟಿನ ಮುಂದೆ ಇಡೋವರೆಗೂ ಬಿಡದೆ ಇರೋದು, ಅಷ್ಟೇ ಅದರ ಕೆಲಸ. ತಪ್ಪು ಮಾಡಿಲ್ಲ ಅಂತ ಗೊತ್ತಾದ್ರೆ ಅದನ್ನೂ ಹೇಳ್ಬೇಕು."

ವಕೀಲರು ನನ್ನ ಗಂಡನಿಗೆ ಯಾವ ದಾರಿಯನ್ನೂ ಹೇಳದೆ, ಹೋಗುವಾಗ ಚಾವಡಿಯ ಕಂಬಕ್ಕೆ ಅಪ್ಪಿತಪ್ಪಿ ಭುಜ ತಾಗೀತೆಂದು ದೂರದಿಂದ ಬಳಸಿಕೊಂಡು ಹೋದರು. ಮರುದಿನ ಬೆಳಿಗ್ಗೆ ಅವ್ವ ನನ್ನ ಗಂಡನ ಹಿಂದೆ ಹೊರಟಾಗ ಬೀದಿಯವರು ಕಿವಿಗೊಟ್ಟು ಕಾದರು. ಶಾಪ ಬರಲಿಲ್ಲ. ಅಂದಿನಿಂದ ಅವಳು ಒಂದೂ ಕೆಟ್ಟ ಮಾತು ಆಡಲಿಲ್ಲ, ಅಳಲೂ ಇಲ್ಲ. ಸುಮ್ಮನೆ ನೋಡುತ್ತ ನಡೆದಳು. ನನ್ನ ಗಂಡನಿಗೆ ಶಾಪವೇ ಎಷ್ಟೋ ವಾಸಿಯಾಗಿತ್ತು ಎಂದು ಕಾಣುತ್ತದೆ. ಅವರ ಊಟ ಕಡಿಮೆಯಾಯಿತು.

ಬಕ್ಕೇಶಿಯ ಗೆಳೆಯರು ಒಂದಷ್ಟು ಜನ ಇದ್ದರು, ಬೇರೆ ಭಟ್ಟಿಗಳ ಹುಡುಗರು. ಅವನು ಕುಡಿದು ಬಿದ್ದ ಎಂಬ ಮಾತು ಕೇಳಿ ಕೇಳಿ ಅವರಿಗೆ ಮೈ ಉರಿದಿತ್ತು. ಒಂದು ಸಂತೆಯ ದಿನ ಅಕ್ಕಿ ಅಂಗಡಿಯ ಮುಂದೆ ನನ್ನ ಗಂಡನನ್ನು ಸುತ್ತುಗಟ್ಟಿದರು. ನಾನು ತರಕಾರಿ ಚೀಲ ಹಿಡಿದು ಈಚೆ ಬದಿಯಲ್ಲಿ ನಿಂತಿದ್ದೆ. ಒಬ್ಬ ಅವರ ಕೊರಳಪಟ್ಟಿ ಹಿಡಿದ, ಇನ್ನೊಬ್ಬ ಗಾಡಿಯ ಗೂಟ ಎತ್ತಿದ. ಏಟು ಬಿತ್ತು, ಆದರೆ ಬಿದ್ದದ್ದು ಅವ್ವನ ಮೊಣಕೈಯ ಮೇಲೆ. ಅವಳು ಹಿಂದಿನಿಂದ ಅವರಿಗೆ ಆತುಕೊಂಡು, ಎರಡೂ ತೋಳು ಅವರ ಸುತ್ತ ಚಾಚಿ ನಿಂತಿದ್ದಳು. ಮಗನನ್ನು ಕೊಂದವನು ಎಂದು ಯಾರ ಮೇಲೆ ಕಂಬ ಮುಟ್ಟಿದ್ದಳೋ ಅವರನ್ನೇ ಕಾಯುತ್ತಿದ್ದಳು.

"ಇವನಿಗೆ ಯಾರೂ ಕೈ ಹಚ್ಚಬ್ಯಾಡ್ರಿ" ಎಂದಳು. "ಹಿಂದೆ ನಾನಿದ್ದೀನಿ."

ಹುಡುಗರು ಗೂಟ ಕೆಳಗೆ ಹಾಕಿದರು. ನನ್ನ ಚೀಲದಿಂದ ಬದನೆಕಾಯಿ ಉರುಳಿ ಹೋಗುತ್ತಿದ್ದುದೂ ನನಗೆ ತಿಳಿಯಲಿಲ್ಲ. ಮನೆಗೆ ಬಂದು ಅವಳ ಮೊಣಕೈಗೆ ಅರಿಸಿನ ಬಿಸಿಮಾಡಿ ಹಚ್ಚುತ್ತ, ಅಷ್ಟು ದಿನದ ಮೇಲೆ ಮೊದಲ ಸಲ ಅವಳನ್ನು ಮಾತಾಡಿಸಿದೆ. ಯಾಕೆ ಅಡ್ಡ ಹೋದೆ, ಅವರು ಸಾಯಲಿ ಅಂತ ತಾನೇ ನೀನು ಬಂದದ್ದು ಎಂದು ಕೇಳಿದೆ. ಮಾತು ಖಾರವಾಗಿಯೇ ಬಂತು.

"ಹೊಡಿಯೋರಿಗೆ ಉತ್ತರ ಬೇಕಾಗಿಲ್ಲ ಕಣೆ ಕರಿಬಸಿ" ಎಂದಳು ಅವ್ವ. "ಹೊಡೆದು ಕೈ ತೊಳ್ಕಂಡು ಹೋಗ್ತಾರೆ. ನನಗೆ ಉತ್ತರ ಬೇಕು. ಇವನು ಸತ್ರೆ ಯಾರನ್ನ ಕೇಳ್ಲಿ?"

ನನ್ನ ಗಂಡ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಅವರ ಭುಜ ಅಲುಗುತ್ತಿತ್ತು. ಅತ್ತೆಯ ಉಪಕಾರಕ್ಕೆ ಅಳುತ್ತಿದ್ದಾರೆ ಎಂದು ನಾನು ತಿಳಿದೆ, ಒಳ್ಳೆಯ ಮನುಷ್ಯ ಎಂದು ಇನ್ನಷ್ಟು ಕರಗಿದೆ. ಆ ಮೇಲೆ ಅವ್ವನಿಗೆ ತಟ್ಟೆ ಕುಕ್ಕುವುದು ಬಿಟ್ಟೆ. ಭಟ್ಟಿಯಿಂದ ಬಂದಮೇಲೆ ಅವಳ ತಲೆ ಬಾಚುತ್ತಿದ್ದೆ, ಅವಳು ನನ್ನ ಬಾಲ್ಯದ ಮಾತು ಆಡುತ್ತಿದ್ದಳು. ಬಕ್ಕೇಶಿಯ ಹೆಸರನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಬೂದಿಯ ಹೊಗೆಯಲ್ಲಿ ದಿನವೂ ಕೂತು ಅವ್ವನಿಗೆ ಕೆಮ್ಮು ಹಿಡಿಯಿತು. ಔಷಧಿಗೆ ಹೋಗಬೇಕೆಂದರೂ ನನ್ನ ಗಂಡನೇ ಮುಂದೆ ಹೋಗಬೇಕು. ಅವರು ಬೇಸರಪಡದೆ ಕರೆದೊಯ್ದರು, ದಾರಿಯಲ್ಲಿ ಅವಳಿಗಾಗಿ ನಿಧಾನಕ್ಕೆ ನಡೆದರು. ಆದರೂ ಕೆಮ್ಮು ಎದೆಗಿಳಿಯಿತು. ಒಂದು ಮಧ್ಯಾಹ್ನ ಭಟ್ಟಿಯ ಕಟ್ಟೆಯ ಮೇಲೆ ಒರಗಿದವಳು ಏಳಲಿಲ್ಲ. ಅವಳನ್ನು ಎತ್ತಿಕೊಂಡು ಮನೆಗೆ ತಂದವರು ನನ್ನ ಗಂಡನೇ. ಅಂಗಳಕ್ಕೆ ಬಂದಾಗ ಅವರ ಮುಖದಲ್ಲಿ ದುಃಖದ ಜೊತೆ ಇನ್ನೊಂದೇನೋ ಇತ್ತು. ಬಹಳ ದಿನ ಹೊತ್ತ ಮೂಟೆ ಇಳಿಸಿದವರ ಮುಖ ಹಾಗಿರುತ್ತದೆ. ಅದು ತಪ್ಪೆಂದು ನನಗೆ ಅನಿಸಲಿಲ್ಲ, ಯಾರಿಗಾದರೂ ಹಾಗಾಗುತ್ತದೆ.

ಬೆನ್ನಾಳು ಸತ್ತರೆ ಬೆನ್ನು ಅವರ ರಕ್ತಕ್ಕೆ ಹೋಗುತ್ತದೆ ಎಂದು ಹಿರಿಯರು ಹೇಳುವುದಿತ್ತು. ಆದರೆ ಗಂಡುಮಗನಿಗೆ ಹೋಗುತ್ತದೆ, ಕೊಟ್ಟ ಹೆಣ್ಣಿಗೆ ಬರುವುದಿಲ್ಲ, ಅವಳು ಬೇರೆ ಮನೆಯವಳು ಎಂದು ಊರಿಗೆ ಊರೇ ನಂಬಿತ್ತು. ಯಾರೂ ಪರೀಕ್ಷೆ ಮಾಡಿ ನೋಡಿದ್ದಿಲ್ಲ. ಕೊಟ್ರವ್ವನಿಗೆ ಇದ್ದ ಒಬ್ಬ ಮಗ ಹೋದನಲ್ಲ, ಅಲ್ಲಿಗೆ ಹಾಲಪ್ಪನ ತಲೆನೋವು ಮುಗಿಯಿತು ಎಂದು ಮಣ್ಣಿಗೆ ಬಂದವರು ಪಿಸುಗುಟ್ಟುತ್ತಿದ್ದರು. ಮಣ್ಣು ಮಾಡಿ, ಕೈಕಾಲು ತೊಳೆದು ಎಲ್ಲರೂ ಹೊರಟೆವು. ದಾರಿ ಕವಲೊಡೆಯುವಲ್ಲಿ ನಾನು ಅವ್ವನ ಮನೆಯ ಕಡೆ ತಿರುಗಬೇಕಿತ್ತು, ಅಲ್ಲಿ ದೀಪ ಹಚ್ಚಬೇಕಿತ್ತು. ತಿರುಗಲು ಹೋದೆ. ಮೈ ತಿರುಗಿತು, ಕಾಲು ತಿರುಗಲಿಲ್ಲ. ದುಃಖಕ್ಕೆ ಕಾಲು ಸೋತಿರಬೇಕು ಎಂದು ದುರುಗಮ್ಮ ರಟ್ಟೆ ಹಿಡಿದು ಎಳೆದಳು. ಆಗಲೂ ಬರಲಿಲ್ಲ. ಮುಂದೆ ಹೋಗುತ್ತಿದ್ದ ನನ್ನ ಗಂಡ ನಮ್ಮ ಮನೆಯ ದಾರಿ ಹಿಡಿದರು. ನನ್ನ ಕಾಲು ತಾನಾಗಿಯೇ ಎದ್ದು ಅವರ ಹಿಂದೆ ಹೊರಟಿತು.

ನನಗೆ ಆಗ ಆದ ಗಾಬರಿಯನ್ನು ಹೇಳಲು ಬರುವುದಿಲ್ಲ. ನನ್ನ ಮೈಯೇ ನನ್ನ ಮೇಲೆ ಸಾಕ್ಷಿ ಹೇಳಿದಂತಾಯಿತು. ನಾನು ಯಾವ ಕಂಬವನ್ನೂ ಮುಟ್ಟಿರಲಿಲ್ಲ, ಯಾರ ಹೆಸರನ್ನೂ ಹೇಳಿರಲಿಲ್ಲ. ಬೇಡ ಬೇಡ ಎಂದು ಬಾಯಲ್ಲಿ ಅನ್ನುತ್ತಲೇ ನಡೆದೆ. ಜನ ದಾರಿ ಬಿಟ್ಟು ನಿಂತರು. ಸದ್ದು ಕೇಳಿ ನನ್ನ ಗಂಡ ಹಿಂತಿರುಗಿ ನೋಡಿದರು, ಒಂದು ಎತ್ತಿನ ಉದ್ದದಷ್ಟು ಹಿಂದೆ ನಿಂತ ನನ್ನನ್ನು ಕಂಡು ದಾರಿಯ ಧೂಳಿನಲ್ಲೇ ಕುಳಿತುಬಿಟ್ಟರು.

ಮನೆಗೆ ಬಂದಮೇಲೆ ಅವರೇ ನನಗೆ ಸಮಾಧಾನ ಹೇಳಿದರು. ಇದು ಏನೂ ದೊಡ್ಡದಲ್ಲ, ಸೂತಕ ಕಳೆದು ಹೊರಗೆ ಹೋಗಬಹುದಾದಾಗ ಚಾವಡಿಗೆ ಹೋಗಿ ಬಿಟ್ಟೆ ಎಂದರಾಯಿತು, ಅದಕ್ಕೆ ಅಮಾವಾಸ್ಯೆ ಕಾಯಬೇಕಿಲ್ಲ, ಒಂದೇ ಮಾತು ಎಂದರು. ಹೇಳುತ್ತೇನೆ ಎಂದೆ. ಮನಸ್ಸಿನಿಂದಲೇ ಅಂದೆ. ಅಲ್ಲಿಯವರೆಗೆ ಸಂಸಾರ ವಿಚಿತ್ರವಾಯಿತು. ನಾನು ಅಡುಗೆ ಮಾಡಬೇಕೆಂದರೆ ಅವರು ಅಡುಗೆಮನೆಯಲ್ಲಿ ಇರಬೇಕು. ಮದುವೆಯಾದಾಗಿನಿಂದ ಒಲೆಯ ಹತ್ತಿರ ಬಾರದ ಮನುಷ್ಯ ಮಣೆ ಹಾಕಿಕೊಂಡು ಕುಳಿತು ಬೆಳ್ಳುಳ್ಳಿ ಸುಲಿದರು, ನನ್ನ ರೊಟ್ಟಿಗೆ ಸೊಪ್ಪು ಬಿಡಿಸಿದರು. ಬೆಳ್ಳುಳ್ಳಿ ಹೀಗೆ ಸುಲಿದರೆ ದೀಪಾವಳಿ ಹೊತ್ತಿಗೆ ಸಾರಾಗುತ್ತದೆ ಎಂದು ನಾನು ಅಂದಾಗ ಇಬ್ಬರೂ ನಕ್ಕೆವು. ಸೂತಕದ ಮನೆಯಲ್ಲಿ ನಗುತ್ತಿದ್ದೇವಲ್ಲ ಎಂದು ನಾಚಿಕೆಯೂ ಆಯಿತು. ಅಷ್ಟು ಹತ್ತಿರ ನಾವು ಎಂದೂ ಇದ್ದಿರಲಿಲ್ಲ. ಇಂಥವರ ಹಿಂದೆ ಅವ್ವ ಇಷ್ಟು ಕಾಲ ಸುಮ್ಮನೆ ಸವೆದಳಲ್ಲ ಎಂದು ಅವಳ ಮೇಲೆ ಕರುಣೆ ಬಂತು.

ಚಾವಡಿಗೆ ಹೋಗುವ ದಿನ ಬೆಳಿಗ್ಗೆ ಅವರು ಮೊದಲು ಭಟ್ಟಿಗೆ ಹೋಗಿ ಒಲೆ ಹಚ್ಚಬೇಕಿತ್ತು. ಸೂತಕ ಕಳೆದ ಮೇಲೆ ಮೊದಲ ಬೆಂಕಿ ಯಜಮಾನನೇ ಇಡಬೇಕು. ನಾನು ಹಿಂದೆ ಹೋದೆ. ಒಲೆ ಹೊತ್ತಿತು, ಬಾಣಲೆಯಲ್ಲಿ ಮರಳು ಕಾಯತೊಡಗಿತು. ಆಗ ಆಳೊಬ್ಬ ಬಂದು, ಹಿತ್ತಲಿನ ಗುಂಡಿ ತುಂಬಿದೆ, ಹೊಸದಕ್ಕೆ ಯಜಮಾನರೇ ಬಂದು ಕೋಲು ನೆಟ್ಟರೆ ಬೂದಿ ಸುರಿಯುತ್ತೇವೆ ಎಂದ. ನನ್ನ ಗಂಡ ನಾಳೆ ಎಂದರು. ಒಲೆಯ ಬಾಯಿ ಬೂದಿಯಿಂದ ಕಟ್ಟಿದೆ, ನಾಳೆಯವರೆಗೆ ತಡೆಯುವುದಿಲ್ಲ ಎಂದ ಆಳು. ಅವರು ನನ್ನ ಕಡೆ ನೋಡಿ, ನೀನು ಇಲ್ಲೇ ನಿಂತಿರು, ಅಲ್ಲಿಗೆ ಬರಬೇಡ, ಸಂಕಟಪಡುತ್ತೀಯ ಎಂದರು. ಅದು ನನ್ನ ಕೈಯಲ್ಲಿಲ್ಲ ಎಂಬುದು ಅವರಿಗೂ ಮರೆತಿತ್ತು. ಅವರು ನಡೆದರು, ನನ್ನ ಕಾಲೂ ನಡೆಯಿತು. ಬಕ್ಕೇಶಿ ಹೋದಮೇಲೆ ನಾನು ಆ ಹಿತ್ತಿಲಿನ ಬಾಗಿಲು ದಾಟಿದ್ದು ಅದೇ ಮೊದಲು.

ಕಣ್ಣು ಮುಚ್ಚಿಕೊಂಡಿರಬೇಕು ಎಂದುಕೊಂಡಿದ್ದೆ. ಆದರೆ ಬೂದಿಯ ನಡುವೆ ಕಣ್ಣು ಮುಚ್ಚಿ ನಡೆಯಲು ಆಗುತ್ತದೆಯೇ. ಬಕ್ಕೇಶಿ ಬಿದ್ದ ಗುಂಡಿ ಕಂಡಿತು, ಗುಂಡಿಯ ಮೇಲೆ ಕೋಲು ಕಂಡಿತು, ಕೋಲಿನ ತುದಿಯಲ್ಲಿ ಬಟ್ಟೆ ಕಂಡಿತು. ಬಿಸಿಲಿಗೆ ಬಣ್ಣ ಹೋಗಿ ಬೂದಿ ಹತ್ತಿದ್ದರೂ ಅದರ ಒಂದು ಮೂಲೆಯಲ್ಲಿ ನೀಲಿ ದಾರದ ತೇಪೆ ಹಾಗೇ ಇತ್ತು. ಇಲಿ ಕಡಿದಿದ್ದ ಜಾಗಕ್ಕೆ ಆ ತೇಪೆ ಹಾಕಿದವಳು ನಾನು. ಕೆಂಪು ಬಟ್ಟೆಗೆ ನೀಲಿ ದಾರ ಯಾಕೆ ಅಕ್ಕ, ಕೆಂಪು ದಾರ ಮುಗಿದಿತ್ತಾ ಎಂದು ಬಕ್ಕೇಶಿ ಅಂದಿದ್ದ. ಆ ಅಮಾವಾಸ್ಯೆಯ ಬೆಳಿಗ್ಗೆ ನಾನು ರೊಟ್ಟಿ ಕಟ್ಟಿ ಅವನ ಕೈಗೆ ಕೊಟ್ಟದ್ದು ಅದೇ ಬಟ್ಟೆಯಲ್ಲಿ.

ನಾನು ನಿಂತುಬಿಟ್ಟೆ. ಬುತ್ತಿ ಬಟ್ಟೆ ಅವನ ಜೊತೆಗೇ ಸುಟ್ಟುಹೋಯಿತು ಎಂದುಕೊಂಡಿದ್ದೆ. ಅವನು ಭಟ್ಟಿಗೆ ಹೋಗಿ, ಹಸಿವಾಗಿ, ಗಂಟು ಬಿಚ್ಚಿ ಉಂಡ ಮೇಲೆ ತಾನೇ ಆ ಬಟ್ಟೆ ಖಾಲಿಯಾಗುವುದು. ಹಾಗಾದರೆ ಅವನು ಉಣ್ಣುವಾಗ ಈ ಕೋಲಿನ ಮೇಲೆ ಬಟ್ಟೆ ಇರಲಿಲ್ಲ. ಅವ್ವ ದಿನವೂ ಇಲ್ಲಿಗೆ ಬಂದಳು, ದಿನವೂ ಇದನ್ನು ನೋಡಿದಳು. ಇದು ನನ್ನ ಮನೆಯ ಬಟ್ಟೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು. ಅದರ ಗುರುತು ನನ್ನ ಗಂಡನಿಗೂ ಗೊತ್ತಿರಲಿಲ್ಲ. ಗಂಡಸರಿಗೆ ಬಟ್ಟೆ ಎಂದರೆ ಬಟ್ಟೆ, ಅಷ್ಟೇ. ಗೊತ್ತಿದ್ದರೂ ಅವ್ವನ ಕಣ್ಣೆದುರು ಅದನ್ನು ಮುಟ್ಟಲು ಆಗುತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ, ನಾನು ಇತ್ತ ಕಾಲಿಟ್ಟಿರಲಿಲ್ಲ.

"ಈ ಬಟ್ಟೆ ಯಾವಾಗ ಕಟ್ಟಿದ್ರಿ?" ಎಂದು ಕೇಳಿದೆ.

ಹೊಸ ಗುಂಡಿಗೆ ನೆಡಲೆಂದು ಅವರು ಆ ಕೋಲು ಕೀಳಲು ಚಾಚಿದ್ದ ಕೈಯನ್ನು ಹಾಗೇ ಹಿಡಿದರು. ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ತೇಪೆಯನ್ನು ನೋಡಿದವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಆಳು ಬೂದಿ ಬುಟ್ಟಿ ಹೊತ್ತು ನಿಂತೇ ಇದ್ದ. ಅವನನ್ನು ಒಳಗೆ ಕಳಿಸಿ, ಅವರು ಗುಂಡಿಯಿಂದ ದೂರ ಸರಿದು ಹೊಟ್ಟಿನ ಚೀಲಕ್ಕೆ ಒರಗಿದರು.

"ಹಿಂದಿನ ದಿನ ನೆಡೋದು ಮರ್ತಿದ್ದೆ" ಎಂದರು. "ಅವನು ಬಿದ್ದ. ಕೂಗ್ದ. ಜನ ಬಂದ್ರೆ ಕೋಲು ಎಲ್ಲಿ ಅಂತ ಕೇಳ್ತಾರೆ ಅಂತ... ಕೈಗೆ ಸಿಕ್ಕಿದ್ದು ಕಟ್ಟಿ ನೆಟ್ಟೆ."

"ಮೊದ್ಲು ಕೋಲು ನೆಟ್ರಾ?"

ಅವರು ಹೌದೆಂದು ತಲೆಯಾಡಿಸಿದರು. ಅವನು ಕೂಗುತ್ತಿದ್ದಾಗಲೇನಾ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ನನ್ನ ತಮ್ಮ ಮಾವಾ ಎಂದು ಕೂಗುತ್ತಿರುವಾಗ ಈ ಮನುಷ್ಯ ರೊಟ್ಟಿಯ ಬಟ್ಟೆ ಕೊಡವಿ, ಕೋಲಿಗೆ ಗಂಟು ಹಾಕಿ, ಅದು ನೆಟ್ಟಗೆ ನಿಲ್ಲುತ್ತದೆಯೇ ಎಂದು ನೋಡಿ, ಆಮೇಲೆ ಬೀದಿಗೆ ಓಡಿದ್ದರು. ಇದೇ ಕೈ ನನಗೆ ಬೆಳ್ಳುಳ್ಳಿ ಸುಲಿದು ಕೊಟ್ಟಿತ್ತು. ನನಗೆ ವಾಂತಿ ಬಂತು. ಹಿಂದೆ ಸರಿಯಬೇಕೆಂದರೂ ಕಾಲು ಬಿಡಲಿಲ್ಲ. ಅವರ ಎದುರೇ ಬಾಗಿ ಕಾರಿಕೊಂಡೆ. ಅವರು ನೀರು ತಂದುಕೊಟ್ಟರು. ಆ ನೀರನ್ನು ಕುಡಿದೆ, ಬೇರೆ ನೀರು ಅಲ್ಲಿರಲಿಲ್ಲ.

"ಅವನನ್ನ ಸಾಯಿಸ್ಬೇಕು ಅಂತ ನನಗೆ ಇರ್ಲಿಲ್ಲ, ಕರಿಬಸಮ್ಮ" ಎಂದರು. "ಚಾವಡೀಲಿ ಆ ಮಾತು ಹೇಳ್ತೀಯಲ್ಲ?"

ನಾನು ಕೋಲಿನಿಂದ ಬಟ್ಟೆ ಬಿಚ್ಚಿಕೊಂಡೆ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಅವರು ತಡೆಯಲಿಲ್ಲ. ಬೇರೆ ಕೋಲಿಗೆ ಅವರ ಹೆಗಲ ಮೇಲಿನ ಟವೆಲನ್ನೇ ಕಟ್ಟಿ ಅದೇ ಜಾಗದಲ್ಲಿ ನೆಡಲು ಹೇಳಿದೆ, ಗುಂಡಿ ಇನ್ನೂ ಬಿಸಿಯಿತ್ತು. ನೆಟ್ಟರು. ಆಮೇಲೆ ಅವರು ಮುಂದೆ, ನಾನು ಹಿಂದೆ ಊರ ನಡುವಿನ ದಾರಿಯಲ್ಲಿ ಹೊರಟೆವು. ಓಡಿಹೋಗಬೇಕೆಂದಿದ್ದರೆ ಅವರು ಬೇರೆ ದಾರಿ ಹಿಡಿಯಬಹುದಿತ್ತು, ನನ್ನ ಕಾಲು ಅಲ್ಲಿಗೂ ಹೋಗುತ್ತಿತ್ತು. ಅವರು ಚಾವಡಿಯ ದಾರಿಯನ್ನೇ ಹಿಡಿದರು. ನಾನು ಬಿಟ್ಟೆ ಎನ್ನುತ್ತೇನೆ ಎಂಬ ನಂಬಿಕೆಯಿಂದಲೋ, ಎನ್ನದಿರಲಿ ಎಂಬ ಆಸೆಯಿಂದಲೋ ಇವತ್ತಿಗೂ ನನಗೆ ಗೊತ್ತಿಲ್ಲ.

ಚಾವಡಿ ತುಂಬಿತ್ತು. ಹೆಂಡತಿಯೇ ಗಂಡನ ಬೆನ್ನಾಳಾಗಿದ್ದಾಳೆ, ಇವತ್ತು ಬಿಡುತ್ತಾಳೆ ಎಂದು ನೋಡಲು ಬಂದವರು. ದುರುಗಮ್ಮ ಮುಂದಿನ ಸಾಲಿನಲ್ಲಿದ್ದಳು. ಬಕ್ಕೇಶಿಯ ಗೆಳೆಯರು ಗೋಡೆಗೆ ಒರಗಿ ನಿಂತಿದ್ದರು. ನಾನು ಹುಲ್ಲು ತುಳಿದು ಕಂಬಕ್ಕೆ ಅಂಗೈ ಹಚ್ಚಿದೆ. ಕಲ್ಲು ತಣ್ಣಗಿತ್ತು. ಮರುಳಪ್ಪಜ್ಜ ಕಿವಿಯ ಹಿಂದೆ ಕೈಯಿಟ್ಟುಕೊಂಡು, ಏನವ್ವಾ, ಬಿಟ್ಟೆಯಾ ಎಂದು ಕೇಳಿದರು. ಬಿಟ್ಟೆ ಎಂದರೆ ನನಗೆ ಮನೆ ಇತ್ತು, ಗಂಡ ಇದ್ದರು, ಮುಂದೆ ಮಕ್ಕಳಾದರೆ ಅವರಿಗೆ ಅಪ್ಪ ಇದ್ದರು. ನನ್ನ ತಮ್ಮ ಮಾತ್ರ ಎಂದೆಂದಿಗೂ ಕುಡಿದು ಬಿದ್ದವನಾಗಿ ಉಳಿಯುತ್ತಿದ್ದ.

"ಬಿಟ್ಟಿಲ್ಲ ಅಜ್ಜಾ" ಎಂದೆ. "ಅನಿಸಿದ್ದು ಹೇಳಲ್ಲ. ಕಂಡದ್ದು ಹೇಳ್ತೀನಿ."

ಬಟ್ಟೆಯನ್ನು ಬಿಡಿಸಿ ಮೆಟ್ಟಿಲ ಮೇಲೆ ಹಾಸಿದೆ. ತೇಪೆ ತೋರಿಸಿದೆ. ಬೆಳಿಗ್ಗೆ ಯಾರ ಕೈಗೆ ಕೊಟ್ಟೆ, ಇವತ್ತು ಎಲ್ಲಿ ಕಂಡೆ, ಕೇಳಿದಾಗ ಅವರು ಏನು ಹೇಳಿದರು ಎಂದು ಅವರ ಮಾತನ್ನು ಒಂದಕ್ಷರ ಕೂಡಿಸದೆ ಹೇಳಿದೆ. ನೆಡುವುದು ಮರೆತಿದ್ದೆ ಎಂದದ್ದನ್ನೂ, ಸಾಯಿಸಬೇಕೆಂದು ಇರಲಿಲ್ಲ ಎಂದದ್ದನ್ನೂ ಹೇಳಿದೆ, ಅದೂ ಕಂಡದ್ದೇ. ಮರುಳಪ್ಪಜ್ಜ ಅವರ ಕಡೆ ತಿರುಗಿ ಹೌದೇನಪ್ಪಾ ಎಂದರು. ನನ್ನ ಗಂಡ ಕೈಮುಗಿದು ಹೌದು ಎಂದರು.

ಆಮೇಲೆ ಇಡೀ ಚಾವಡಿ ಎದ್ದಿತು. ಕುಡಿದು ಬಿದ್ದ ಎಂದು ತೀರ್ಮಾನ ಕೊಟ್ಟಿದ್ದ ಹೋಟೆಲಿನವರೇ ಎಲ್ಲರಿಗಿಂತ ಜೋರಾಗಿ ಕೂಗಿದರು. ಗೆಳೆಯರು ಗೋಡೆ ಬಿಟ್ಟು ಮುಂದೆ ನುಗ್ಗಿದರು, ಯಾರದೋ ಕೈಯಲ್ಲಿ ಕಲ್ಲಿತ್ತು. ಆ ಕಲ್ಲು ಅವರಿಗೆ ಬೀಳಲಿ ಎಂದು ನನ್ನ ಮನಸ್ಸೂ ಕೂಗಿತು, ಸುಳ್ಳು ಹೇಳುವುದಿಲ್ಲ. ಆದರೆ ತೀರ್ಪು ಇನ್ನೂ ಆಗಿರಲಿಲ್ಲ, ನನ್ನ ಕಾಲು ಅವರ ಬೆನ್ನಿಗೆ ಹತ್ತಿಕೊಂಡೇ ಇತ್ತು. ನಾನು ಎರಡೂ ತೋಳು ಅವರ ಸುತ್ತ ಚಾಚಿದೆ. ಅವರ ಎದೆ ನನ್ನ ಅಂಗೈಯ ಕೆಳಗೆ ಹಕ್ಕಿಯ ಹಾಗೆ ಹೊಡೆದುಕೊಳ್ಳುತ್ತಿತ್ತು.

"ಇವರಿಗೆ ಯಾರೂ ಕೈ ಹಚ್ಚಬ್ಯಾಡ್ರಿ" ಎಂದೆ. "ಹಿಂದೆ ನಾನಿದ್ದೀನಿ."